ಲಾಂಡ್ರಿಯಲ್ಲಿ ಪತ್ರದ ದೃಶ್ಯ

ಬುಧವಾರ, ಮಧ್ಯಾಹ್ನ ಎರಡೂವರೆ
ಲಾಂಡ್ರಿಯ ಹಿಂದಿನ ಕೋಣೆಯಿಂದ

ನನ್ನ ಪೀಪಿಗೆ,

ನಾನಿಲ್ಲಿ ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆ ಎಂದು ಶುರು ಮಾಡುವ ಮುಖ ನನಗಿಲ್ಲ. ನಾನು ಕ್ಷೇಮವಾಗಿಲ್ಲ. ನೀನೂ ಇಲ್ಲವೆಂದು ಅಭ್ಯಾಸಕ್ಕೆ ಬಂದ ಗುಡುಗಪ್ಪ ಹೇಳಿದ. ಅವನ ತಂಗಿಯ ಮನೆಯ ಮಹಡಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದೀಯಂತೆ. ಊಟಕ್ಕೆ ಮಾತ್ರ ಕೆಳಗಿಳಿಯುತ್ತೀಯಂತೆ, ಕೇಳಿದ್ದಕ್ಕೆ ಹೂಂ ಉಹೂಂ ಬಿಟ್ಟರೆ ಮಾತಿಲ್ಲವಂತೆ, ನಾಲ್ಕು ದಿನದಿಂದ ಒಂದು ಸ್ವರವೂ ಹೊರಬಿದ್ದಿಲ್ಲವಂತೆ. ಹುಟ್ಟಿದ ಮೇಲೆ ನಾಲ್ಕು ಗಂಟೆ ಸುಮ್ಮನಿದ್ದವಳಲ್ಲ ನೀನು. ಆಸ್ಪತ್ರೆಯ ನರ್ಸ್ ನಿನ್ನನ್ನು ನನ್ನ ಕೈಗಿಡುವಾಗ, ತಗೊಳ್ಳಿ ನಿಮ್ಮ ಪೀಪಿ, ಎಂದಿದ್ದಳು. ಆ ಹೆಸರೇ ನಿಂತುಬಿಟ್ಟಿತು.

ಎಷ್ಟು ಸಲ ಫೋನ್ ಮಾಡಿದೆನೆಂದು ನಿನಗೇ ಗೊತ್ತು, ಆಮೇಲೆ ನೀನು ಅದನ್ನೂ ಆರಿಸಿಬಿಟ್ಟೆ. ಭಾನುವಾರ ಆ ಮನೆಯ ಗೇಟಿನವರೆಗೆ ಬಂದಿದ್ದೆ. ಗುಡುಗಪ್ಪನ ತಂಗಿ ಕೈಮುಗಿದು, ಈಗ ಬೇಡ, ಅವಳೇ ಬರಲಿ, ಎಂದು ಹೇಳಿ ಕಳಿಸಿದಳು. ಅದಕ್ಕೇ ಈ ಪತ್ರ. ಹರಿಯುವುದಾದರೆ ಓದಿ ಹರಿ. ಇದರಲ್ಲಿ ನಿನ್ನ ಕೆಲಸದ ವಿಷಯವೊಂದಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬರುವ ಶನಿವಾರ ಸಂಜೆ ಐದು ಗಂಟೆಗೆ ರಂಗಮಂದಿರದ ಗಾಯಕರ ವಿಭಾಗದ ಮುಖ್ಯಸ್ಥೆ ಇದೇ ಲಾಂಡ್ರಿಗೆ ಬರುತ್ತಾರೆ. ನಿನ್ನ ಹಾಡು ಕೇಳಲು. ಬೇರೆ ಯಾರದ್ದೂ ಅಲ್ಲ, ನಿನ್ನದೇ. ನೀನು ಬರದಿದ್ದರೆ ಆಕೆ ಇನ್ನೊಂದು ಸಲ ಬರುವುದಿಲ್ಲ.

ಹೇಗೆ ಒಪ್ಪಿದರು ಎಂಬುದನ್ನು ಆಮೇಲೆ ಬರೆಯುತ್ತೇನೆ. ಮೊದಲು ಕಳೆದ ಶನಿವಾರದ್ದು. ನಾನು ವಿವರಿಸಬೇಕು ಪೀಪಿ, ಇಲ್ಲದಿದ್ದರೆ ಎದೆ ಒಡೆದುಹೋಗುತ್ತದೆ.

ನಮ್ಮ ಆಪೆರಾಕ್ಕೆ ವೇದಿಕೆಯಿಲ್ಲ, ಪರದೆಯಿಲ್ಲ. ಟೈರ್ ಅಂಗಡಿಯಲ್ಲಿ ಶುರು ಮಾಡಿದೆವು, ಆಮೇಲೆ ಬಸ್ ಡಿಪೋದ ಕ್ಯಾಂಟೀನು, ಫರ್ನಿಚರ್ ಗೋದಾಮು, ಈಗ ಈ ಲಾಂಡ್ರಿ. ನೋಡುವವರ ಮೊಣಕಾಲು ಹಾಡುವವರ ಬಟ್ಟೆಗೆ ತಾಗುತ್ತದೆ. ಹಾಗಾಗಿ ನಮ್ಮಲ್ಲಿ ಸುಳ್ಳು ಸಾಮಾನು ನಡೆಯುವುದಿಲ್ಲ ಎಂದು ನಿಯಮ ಮಾಡಿದವಳು ನಾನೇ. ರೊಟ್ಟಿ ಎಂದರೆ ರೊಟ್ಟಿಯೇ ಇರಬೇಕು, ಚಾಕು ಎಂದರೆ ಚಾಕು. ಫರ್ನಿಚರ್ ಗೋದಾಮಿನಲ್ಲಿ ಆದದ್ದು ನೆನಪಿದೆಯಲ್ಲ? ಪತ್ರದ ದೃಶ್ಯಕ್ಕೆ ನಾನು ನೀರಿನ ಬಿಲ್ಲನ್ನು ಮಡಚಿ ಕೊಟ್ಟಿದ್ದೆ. ನೀನು ಗಂಡ ಯುದ್ಧದಲ್ಲಿ ಸತ್ತ ಸುದ್ದಿ ಓದುತ್ತಿದ್ದೀಯ, ಮುಂದಿನ ಸಾಲಿನ ಮುದುಕಪ್ಪ ಬಗ್ಗಿ ನೋಡಿ, ಅಯ್ಯೋ ಕೊನೇ ತಾರೀಕು ದಾಟಿಹೋಗಿದೆಯಲ್ಲಮ್ಮಾ ಎಂದುಬಿಟ್ಟ. ಇಡೀ ಗೋದಾಮು ಹೊಟ್ಟೆ ಹಿಡಿದುಕೊಂಡು ನಕ್ಕಿತು. ನೀನೂ ನಕ್ಕೆ. ನಾನು ಮಾತ್ರ ವಾರವಿಡೀ ಉರಿದುಕೊಂಡೆ. ಆವತ್ತಿನಿಂದ ಆ ದೃಶ್ಯಕ್ಕೆ ಟೈಪ್ ಮಾಡಿದ, ಮೊಹರು ಒತ್ತಿದ ಸರಿಯಾದ ಪತ್ರವನ್ನೇ ಇಟ್ಟೆ.

ಆ ಪತ್ರ ನಿನ್ನ ವೇಷದ ಏಪ್ರನ್ನಿನ ಜೇಬಿನಲ್ಲೇ ಇರುತ್ತಿತ್ತು. ಲಾಂಡ್ರಿ ಅಕ್ಕ ಪಾಪ ಒಳ್ಳೆಯದಕ್ಕೇ ಮಾಡಿದಳು. ನಿಮ್ಮ ವೇಷದ ಬಟ್ಟೆಯೆಲ್ಲ ಬೆವರಿನ ವಾಸನೆ ಎಂದು ಹೇಳಿ ಮಧ್ಯಾಹ್ನ ಎಲ್ಲವನ್ನೂ ಒಟ್ಟಿಗೆ ಮೆಷಿನ್ನಿಗೆ ಹಾಕಿದಳು. ಒಣಗಿದ ಏಪ್ರನ್ ಎತ್ತಿ ನೋಡಿದಾಗ ಜೇಬಿನಲ್ಲಿದ್ದದ್ದು ಹಿಟ್ಟಿನ ಮುದ್ದೆ. ಆಗಷ್ಟೇ ಮೊದಲ ಅಂಕ ಮುಗಿದಿತ್ತು. ಬುಟ್ಟಿ ಬೋರಲು ಹಾಕಿಕೊಂಡು, ಬೆಂಚು ಎಳೆದುಕೊಂಡು ನಲವತ್ತು ಜನ ಕೂತಿದ್ದರು. ಹಾಸಿಗೆ ಬಟ್ಟೆ ಒಯ್ಯಲು ಬಂದ ಒಬ್ಬ ಡ್ರೈವರು ಮೂಟೆಯನ್ನು ತೊಡೆಯ ಮೇಲಿಟ್ಟುಕೊಂಡು ಹೋಗದೇ ಕೂತುಬಿಟ್ಟಿದ್ದ. ಅವನು ಪಕ್ಕದವಳನ್ನು, ಇವರು ಮಾತಾಡೋದನ್ನೆಲ್ಲ ಯಾಕೆ ಹಾಡ್ತಾರೆ ಎಂದು ಕೇಳಿದ. ಲಾಂಡ್ರಿ ಅಕ್ಕ ಹಿಂದಿನಿಂದ ಗದರಿದಳು, “ಮಾತಲ್ಲಿ ಹೇಳೋಕಾಗಿದ್ರೆ ಹೇಳ್ತಿದ್ರು, ಸುಮ್ನೆ ಕೂತ್ಕೊಳ್ಳಪ್ಪ.” ಇಪ್ಪತ್ತೆರಡು ವರ್ಷ ರಂಗಮಂದಿರದಲ್ಲಿ ಅಭ್ಯಾಸದ ಪಿಯಾನೋ ನುಡಿಸಿದವಳು ನಾನು, ಆಪೆರಾ ಎಂದರೇನು ಎಂದು ಇಷ್ಟು ನೆಟ್ಟಗೆ ಯಾರೂ ಹೇಳಿದ್ದನ್ನು ಕೇಳಿರಲಿಲ್ಲ.

ಎರಡನೆಯ ಅಂಕಕ್ಕೆ ಎರಡು ನಿಮಿಷವಿತ್ತು. ನಾನು ಚೀಲಕ್ಕೆ ಕೈಹಾಕಿದೆ. ಸಂಗೀತದ ಪುಸ್ತಕದ ಹಿಂದಿನ ರಟ್ಟಿನೊಳಗೆ ಒಂದು ಮಡಚಿದ ಕಾಗದ ಸಿಕ್ಕಿತು, ಟೈಪ್ ಮಾಡಿದ್ದು, ಮೊಹರು ಇದ್ದದ್ದು. ಕನ್ನಡಕ ಪಿಯಾನೋ ಮೇಲಿತ್ತು. ನೋಡದೆ ಕೊಟ್ಟುಬಿಟ್ಟೆ.

ಇಲ್ಲ. ಹೀಗೆ ಬರೆದರೆ ನೀನು ಪತ್ರವನ್ನು ಇಲ್ಲೇ ಹರಿಯುತ್ತೀಯ. ಕನ್ನಡಕ ಇಲ್ಲದಿದ್ದರೆ ಏನು, ಆ ಕಾಗದ ಯಾವುದೆಂದು ಬೆರಳಿಗೆ ಗೊತ್ತಿತ್ತು. ಏಳು ವರ್ಷದಿಂದ ಅದು ಅಲ್ಲೇ ಇತ್ತು. ಎಸೆಯಲು ಧೈರ್ಯವಿಲ್ಲ, ಮನೆಯಲ್ಲಿಟ್ಟರೆ ನಿನ್ನ ಕೈಗೆ ಸಿಗುತ್ತದೆಂದು ಹೋದಕಡೆಯೆಲ್ಲ ಹೊತ್ತುಕೊಂಡು ತಿರುಗಿದೆ. ಗೊತ್ತಿದ್ದೇ ಕೊಟ್ಟೆ. ಯಾಕೆ ಕೊಟ್ಟೆನೆಂದರೆ, ನೀನು ಆ ದೃಶ್ಯದಲ್ಲಿ ಪತ್ರ ಓದುವುದಿಲ್ಲ. ಇಪ್ಪತ್ತನಾಲ್ಕು ಪ್ರದರ್ಶನ ನೋಡಿದ್ದೇನೆ. ಕಾಗದ ಬಿಚ್ಚುತ್ತೀಯ, ಕಣ್ಣು ಅದರ ಮೇಲೆ ಓಡಿಸುತ್ತೀಯ, ಆದರೆ ಒಂದಕ್ಷರವೂ ಒಳಗೆ ಹೋಗುವುದಿಲ್ಲ. ಹಾಡುವವರು ಯಾರೂ ಓದುವುದಿಲ್ಲ. ತಲೆಯಲ್ಲಿ ಮುಂದಿನ ಸ್ವರ ಇರುತ್ತದೆ, ಓದಲು ಪುರುಸೊತ್ತೆಲ್ಲಿ? ಮೂರು ನಿಮಿಷದ ಕೊನೆಯ ದೃಶ್ಯ, ಮುಗಿದ ತಕ್ಷಣ ಜೇಬಿನಿಂದ ತೆಗೆದುಕೊಂಡರಾಯಿತು ಎಂದುಕೊಂಡೆ. ನಲವತ್ತು ಜನರ ಎದುರು ನಿನ್ನ ಕೈಯಲ್ಲಿ ಪತ್ರವಿಲ್ಲದೆ ದೃಶ್ಯ ಕೆಡುವುದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಖಾಲಿ ಕೈಯಲ್ಲೇ ಮುಗಿಸೋಣ ಎನ್ನುತ್ತಿದ್ದರು. ನನಗೆ ಪ್ರದರ್ಶನ ಮೊದಲು, ಮಗಳು ಆಮೇಲೆ. ಇದು ನನ್ನ ರೋಗ, ಈಗ ಒಪ್ಪಿಕೊಳ್ಳುತ್ತೇನೆ.

ಆದರೆ ಮೇಲಿನ ಸಾಲಿನಲ್ಲಿ ನಿನ್ನ ಹೆಸರಿತ್ತು. ಸ್ವಂತ ಹೆಸರು ಕಣ್ಣಿಗೆ ಬೀಳದೆ ಹೋಗುವುದಿಲ್ಲ, ಅದನ್ನು ನಾನು ಯೋಚಿಸಲೇ ಇಲ್ಲ.

ನೀನು ಬಿಚ್ಚಿದೆ. ನಿನ್ನ ಹೆಬ್ಬೆರಳು ಕಾಗದದ ಮೇಲೆ ನಿಂತಿತು. ನಿನ್ನೆದುರು ಕುರುಡ ಮಾವನ ವೇಷದಲ್ಲಿ ಗುಡುಗಪ್ಪ ಕಣ್ಣು ಮುಚ್ಚಿಕೊಂಡು, ಏನು ಬರೆದಿದ್ದಾನೆ ನನ್ನ ಮಗ ಎಂದು ಹಾಡಿ ಕೈಚಾಚಿದ. ನೀನು ಅವನಿಗೆ ಸುಳ್ಳು ಹೇಳಬೇಕಾದ ಜಾಗ ಅದು. ಕಾಗದದಲ್ಲಿ ಸಾವಿದೆ, ಬಾಯಲ್ಲಿ ಬರುತ್ತಾನಂತೆ ಮಾವ, ಸುಗ್ಗಿಗೆ ಮೊದಲೇ ಬರುತ್ತಾನಂತೆ ಎಂದು ಹಾಡಬೇಕು. ಎರಡು ಬಾರಿ ಪೀಠಿಕೆ ನುಡಿಸಿದೆ, ನೀನು ಬಾಯಿ ತೆರೆಯಲಿಲ್ಲ. ಮೂರನೆಯ ಬಾರಿ ನುಡಿಸುವಾಗ ತಲೆಯೆತ್ತಿ ನನ್ನನ್ನು ನೋಡಿದೆ. ಆಮೇಲೆ ಹಾಡಿದೆ.

ಹೇಗೆ ಹಾಡಿದೆ ಗೊತ್ತೇನೇ? ನಿನಗೆ ಗೊತ್ತಿರಲಾರದು. ಬರುತ್ತಾನಂತೆ ಎಂಬ ಒಂದೇ ಮಾತನ್ನು ಮೂರು ಸಲ ಹೇಳುವಲ್ಲಿ ಆ ಡ್ರೈವರು ಮೂಟೆಯಲ್ಲಿ ಮುಖ ಹುದುಗಿಸಿಕೊಂಡ. ಲಾಂಡ್ರಿ ಅಕ್ಕ ಯಾರದ್ದೋ ಇಸ್ತ್ರಿ ಮಾಡಿದ ದಿಂಬಿನ ಚೀಲದಲ್ಲಿ ಮೂಗೊರೆಸಿಕೊಂಡಳು. ಮತ್ತು ನಾನು, ನಿನ್ನ ಹೆತ್ತವಳು, ನಿನ್ನ ಬದುಕು ನಿನ್ನ ಕೈಯಲ್ಲೇ ಬಿಚ್ಚಿಕೊಳ್ಳುತ್ತಿದ್ದಾಗ ಏನು ಯೋಚಿಸಿದೆ ಹೇಳಲೇ? ಎಷ್ಟು ಚೆನ್ನಾಗಿ ಹಾಡಿದಳು ಎಂದು ಯೋಚಿಸಿದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ಇದು ಅದಲ್ಲ. ಇದಕ್ಕೆ ಗಾದೆಯಿಲ್ಲ.

ನೀನು ಕಾಗದ ಮಡಚಿ ಜೇಬಿಗಿಟ್ಟೆ, ನಮಸ್ಕಾರ ಮಾಡಿದೆ, ವೇಷದಲ್ಲೇ ಹಿಂದಿನ ಬಾಗಿಲಿನಿಂದ ಹೋದೆ. ಜನ ಚಪ್ಪಾಳೆ ತಟ್ಟುತ್ತಿದ್ದರು. ನಾನು ಕೊನೆಯ ಸಂಗೀತ ನುಡಿಸುತ್ತಲೇ ಇದ್ದೆ.

ಈಗ ಏಳು ವರ್ಷದ ಹಿಂದಿನದು. ನಿನಗೆ ಗೊತ್ತಿರುವುದು ಒಂದು ಕಾಗದ ಮಾತ್ರ, ಸುತ್ತಮುತ್ತ ಇದ್ದದ್ದು ಗೊತ್ತಿಲ್ಲ.

ರಂಗಮಂದಿರದವರು ನನ್ನನ್ನು ತೆಗೆದು ಎರಡು ವರ್ಷವಾಗಿತ್ತು. ಹೊಸ ಸಂಗೀತ ನಿರ್ದೇಶಕ ತನ್ನ ಪಿಯಾನೋದವನನ್ನು ತನ್ನ ಜೊತೆಗೇ ಕರೆತಂದ. ನನಗೊಂದು ಹೂಗುಚ್ಛ ಕೊಟ್ಟು ಕಳಿಸಿದರು. ಆಗ ನಾನು ಕಿಡಿ ಕಾರುತ್ತಾ ಈ ತಂಡ ಕಟ್ಟಿದೆ. ಆ ಚಿನ್ನದ ಬಣ್ಣದ ಕುರ್ಚಿಗಳ ಮೇಲೆ ಕೂತು ಆಕಳಿಸುವವರಿಗಿಂತ ಟೈರ್ ಅಂಗಡಿಯವರು ಮೇಲು ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ಅದು ಸುಳ್ಳಲ್ಲ, ಇವತ್ತಿಗೂ ನಂಬುತ್ತೇನೆ. ಆದರೆ ನೀನು ನನಗೆ ಹೇಳದೇ ಅದೇ ರಂಗಮಂದಿರದ ತರಬೇತಿಗೆ ಪರೀಕ್ಷೆ ಕೊಟ್ಟು ಬಂದೆ. ಬಂದು ಅಡುಗೆಮನೆಯಲ್ಲಿ ನಿಂತು, ತಪ್ಪು ಮಾಡಿದವಳ ಹಾಗೆ ಹೇಳಿದೆ. ನಾನು ಒಳ್ಳೆಯದಾಯಿತು ಎಂದೆ. ನಿನಗೆ ಮುಖ ಕಾಣದ ಹಾಗೆ ಒಲೆಯ ಕಡೆ ತಿರುಗಿದೆ.

ಪತ್ರ ಬಂದ ದಿನ ನೀನು ಡಿಪೋದ ಕ್ಯಾಂಟೀನಿನಲ್ಲಿ ಮೇಜು ಜೋಡಿಸುತ್ತಿದ್ದೆ. ನಾನೊಬ್ಬಳೇ ಮನೆಯಲ್ಲಿದ್ದೆ. ಆವಿಯಲ್ಲಿ ಹಿಡಿದು ಲಕೋಟೆ ಬಿಚ್ಚಿದೆ. ಆಯ್ಕೆಯಾಗಿದ್ದೀರಿ, ಮೂರು ವರ್ಷದ ತರಬೇತಿ, ರಂಗಮಂದಿರದಲ್ಲೇ ವಾಸ, ಮುಂದಿನ ತಿಂಗಳಿನಿಂದ. ನನಗೆ ಕಂಡದ್ದು ಒಂದೇ, ಖಾಲಿ ಮನೆ. ನಿಮ್ಮಪ್ಪ ಹೋದಾಗ ನೀನು ಒಂಬತ್ತು ವರ್ಷದವಳು. ಅಂದಿನಿಂದ ನಾವಿಬ್ಬರೇ. ನೀನು ಹೋದರೆ ತಂಡವಿಲ್ಲ, ತಂಡವಿಲ್ಲದಿದ್ದರೆ ನಾನು ಯಾರು? ನನ್ನನ್ನು ಹೂಗುಚ್ಛ ಕೊಟ್ಟು ಕಳಿಸಿದವರ ಕೈಗೆ ನನ್ನ ಮಗಳನ್ನೂ ಕೊಡಬೇಕೇ ಎಂದು ಉರಿದೆ. ಆ ಉರಿಯಲ್ಲೇ ಕೂತು ನಿನ್ನ ಹೆಸರಿನಲ್ಲಿ ಉತ್ತರ ಬರೆದೆ. ತಾಯಿಗೆ ಆರೋಗ್ಯ ಸರಿಯಿಲ್ಲ, ಬರಲಾಗುವುದಿಲ್ಲ ಎಂದು. ನಿನ್ನ ಸಹಿ ಹಾಕಲು ನನಗೆ ಬರುತ್ತದೆ, ಶಾಲೆಯ ದಿನಗಳಲ್ಲಿ ನೀನು ನನ್ನ ಸಹಿ ಹಾಕುತ್ತಿದ್ದೆಯಲ್ಲ, ನಿನ್ನಿಂದಲೇ ಕಲಿತೆ ಎಂದು ತಮಾಷೆ ಮಾಡಬಹುದಿತ್ತು, ಆದರೆ ನಗು ಬರುವುದಿಲ್ಲ. ಒಂದು ಬೆಳಗಿನ ಹೆದರಿಕೆ ಪೀಪಿ. ಒಂದೇ ಬೆಳಗಿನದು. ಹೆದರಿದವಳು ಏನು ಬೇಕಾದರೂ ಮಾಡುತ್ತಾಳೆ.

ನೀನು ಎರಡು ತಿಂಗಳು ಪೋಸ್ಟಿನವನ ದಾರಿ ಕಾದೆ. ಕೊನೆಗೆ, ನೀನು ಅಲ್ಲಿ ಕೆಲಸ ಮಾಡಿದವಳು, ಒಳಗೆ ಯಾರನ್ನಾದರೂ ವಿಚಾರಿಸಮ್ಮ ಎಂದೆ. ನಾನು ಸೀರೆ ಉಟ್ಟು ಹೊರಟೆ, ಉದ್ಯಾನದ ಬೆಂಚಿನ ಮೇಲೆ ಒಂದು ಗಂಟೆ ಕೂತು ವಾಪಸ್ಸು ಬಂದೆ. ಈ ಸಲ ಇಲ್ಲವಂತೆ ಎಂದೆ. ನೀನು ಪಾತ್ರೆ ಒರೆಸುತ್ತಿದ್ದೆ, ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಕೇಳಿದೆ, “ಅಮ್ಮ, ನನ್ನ ದನಿ ಅಷ್ಟೇನಾ?”

ಆಗಲಾದರೂ ಹೇಳಬಹುದಿತ್ತು. ಬಾಯಿಗೆ ಬಂದಿತ್ತು. ನಾನು ಅಂದದ್ದು, “ನಮಗೆ ಸಾಕಾಗೋಷ್ಟಿದೆ ಬಿಡು.”

ಆ ಮಾತು ನಿನ್ನೊಳಗೆ ಎಲ್ಲಿ ಹೋಗಿ ಕೂತಿತೆಂದು ನಾನು ಏಳು ವರ್ಷ ನೋಡಿದ್ದೇನೆ. ಬೇರೆ ತಂಡದವರು ಕರೆದಾಗ, ನನ್ನ ದನಿ ಚಿಕ್ಕದು, ಚಿಕ್ಕ ಜಾಗಕ್ಕೇ ಸರಿ ಎಂದು ನೀನೇ ಹೇಳಿ ಕಳಿಸಿದೆ. ಜನ ಹೊಗಳಿದರೆ ತಲೆ ತಗ್ಗಿಸಿ, ನಮ್ಮಮ್ಮನ ಪಿಯಾನೋ ಚೆನ್ನಾಗಿತ್ತು ಎನ್ನುತ್ತಿದ್ದೆ. ನಾನು ಪಕ್ಕದಲ್ಲೇ ನಿಂತು ಅದನ್ನು ಕೇಳಿಸಿಕೊಂಡೆ. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ. ಯಾರಾದರೂ ಬೇರೆಯವರು ನಿನಗೆ ಹೀಗೆ ಮಾಡಿದ್ದರೆ ಅವರ ಮನೆಯೆದುರು ನಿಂತು ಬೀದಿಗೆಲ್ಲ ಕೇಳುವ ಹಾಗೆ ಉಗಿದು ಬರುತ್ತಿದ್ದೆ. ನನ್ನ ಮನೆಯೆದುರು ನಾನೇ ಹೋಗಿ ನಿಲ್ಲುವುದು ಹೇಗೆ?

ಸೋಮವಾರ ಬೆಳಿಗ್ಗೆ ರಂಗಮಂದಿರಕ್ಕೆ ಹೋದೆ. ಈ ಸಲ ನಿಜವಾಗಿ ಹೋದೆ, ಬೆಂಚಿನ ಮೇಲೆ ಕೂರಲಿಲ್ಲ. ಒಂಬತ್ತು ವರ್ಷವಾದ ಮೇಲೆ ಆ ಹಿಂಬಾಗಿಲು. ಕಾವಲಿನ ಹಳೆಯ ಮನುಷ್ಯ ಗುರುತು ಹಿಡಿದು ಎದ್ದು ನಿಂತ, ನನಗೆ ಅವನ ಮುಖ ನೋಡಲಾಗಲಿಲ್ಲ. ಗಾಯಕರ ವಿಭಾಗದ ಮುಖ್ಯಸ್ಥೆ ನನಗಿಂತ ಹತ್ತು ವರ್ಷ ಚಿಕ್ಕವರು, ತೆಳ್ಳಗೆ, ಕಡ್ಡಿ ಮುರಿದ ಹಾಗೆ ಮಾತು. ಏಳು ವರ್ಷದ ಹಿಂದೆ ನಿನ್ನ ಪರೀಕ್ಷೆ ಮಾಡಿದವರಲ್ಲಿ ಆಕೆಯೂ ಒಬ್ಬರಂತೆ. ನಾನು ಕೂರಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ, ಉತ್ತರ ಬರೆದದ್ದು ನಾನು, ಸಹಿ ನನ್ನದು, ನನ್ನ ಮಗಳಿಗೆ ಒಂದಕ್ಷರವೂ ಗೊತ್ತಿಲ್ಲ. ಈಗ ಸೇರಿಸಿಕೊಳ್ಳಿ, ಬೇಕಾದರೆ ನಾನು ನಿಮ್ಮ ಮೆಟ್ಟಿಲು ಒರೆಸುತ್ತೇನೆ ಎಂದೆ. ಅದು ಮಾತಿಗೆ ಹೇಳಿದ್ದಲ್ಲ.

ಆಕೆ ಹಳೆಯ ಕಡತ ತರಿಸಿ ತುಂಬ ಹೊತ್ತು ನೋಡಿದರು. ಆಮೇಲೆ ಹೇಳಿದರು, “ತರಬೇತಿಗೆ ಮೂವತ್ತು ವರ್ಷ ದಾಟಿರಬಾರದು. ನಿಮ್ಮ ಮಗಳಿಗೀಗ ಮೂವತ್ತನಾಲ್ಕು. ಈ ಕಟ್ಟಳೆ ನಾನು ಮಾಡಿದ್ದಲ್ಲಮ್ಮ, ಮುರಿಯೋಕೂ ನನ್ನಿಂದಾಗಲ್ಲ.”

ನಾನು ಆಕೆಯ ಮೇಜಿನ ಅಂಚು ಹಿಡಿದುಕೊಂಡೆ. ಅತ್ತುಬಿಟ್ಟೆ ಪೀಪಿ, ನಿಮ್ಮಪ್ಪ ಹೋದಾಗಲೂ ಹಾಗೆ ಅತ್ತಿರಲಿಲ್ಲ. ಹೊರಗೆ ಯಾರೋ ಬಾಗಿಲು ತಟ್ಟಿ, ಒಳಗಿನ ಗದ್ದಲ ಕೇಳಿ ಹಿಂದೆ ಹೋದರು. ಬೆಂಕಿ ಬಿದ್ದ ಮೇಲೆ ಬಾವಿ ತೋಡುವವಳಿಗೆ ಯಾರು ಏನು ಸಮಾಧಾನ ಹೇಳಿಯಾರು? ಆಕೆಯೇ ಒಂದು ಲೋಟ ನೀರು ತಂದಿಟ್ಟರು. ಆಮೇಲೆ, ಇವರ ದನಿ ನನಗೆ ನೆನಪಿದೆ ಎಂದರು. ಇಷ್ಟು ವರ್ಷದಲ್ಲಿ ನೂರಾರು ಜನ ಬಂದು ಹೋಗಿದ್ದಾರೆ, ಆದರೂ ನೆನಪಿದೆ ಎಂದರು. ಇದನ್ನು ಇನ್ನೊಂದು ಸಲ ಓದು. ನಿನ್ನ ದನಿ ಅಷ್ಟೇ ಅಲ್ಲ, ಎಂದೂ ಅಷ್ಟೇ ಆಗಿರಲಿಲ್ಲ.

ತರಬೇತಿ ಆಗುವುದಿಲ್ಲ. ಆದರೆ ಮುಖ್ಯ ಗಾಯಕಿಗೆ ಹುಷಾರಿಲ್ಲದಾಗ ಹಾಡಲು ಸಿದ್ಧವಾಗಿರುವ ಬದಲಿ ಗಾಯಕಿಯ ಜಾಗ ಒಂದು ಖಾಲಿಯಿದೆಯಂತೆ. ಅದಕ್ಕೆ ವಯಸ್ಸಿನ ಮಿತಿಯಿಲ್ಲ. ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡುವುದು ನನಗೆ ಬೇಡ, ಜನರ ಮಧ್ಯೆ ಹಾಡುವಾಗ ಕೇಳಬೇಕು, ಮುಂದಿನ ಪ್ರದರ್ಶನ ಯಾವಾಗ ಎಂದು ಕೇಳಿದರು. ನಾನು ಎರಡನೆಯ ಯೋಚನೆ ಮಾಡದೆ ಶನಿವಾರ ಐದಕ್ಕೆ, ಲಾಂಡ್ರಿಯಲ್ಲಿ, ಎಂದುಬಿಟ್ಟೆ. ಎಲ್ಲಿ ಎಂದು ಎರಡು ಸಲ ಕೇಳಿದರು. ಬಟ್ಟೆ ಒಗೆಯುವ ಲಾಂಡ್ರಿಯೇ ಎಂದರು. ಹೌದಮ್ಮ, ಕೂರಲು ಬುಟ್ಟಿ ಕೊಡುತ್ತೇವೆ ಎಂದೆ.

ಹಾಗಾಗಿ ಬೇಡಿಕೊಳ್ಳುತ್ತೇನೆ, ಬಾ. ನನಗಾಗಿ ಬರಬೇಡ, ನನ್ನ ಮುಖ ನೋಡಬೇಡ. ನಾನು ಪಿಯಾನೋ ಮೇಲೆ ಕಣ್ಣಿಟ್ಟು ನುಡಿಸುತ್ತೇನೆ, ತಲೆಯೆತ್ತುವುದಿಲ್ಲ. ಮುಗಿದ ಕೂಡಲೇ ನೀನು ಹೋಗು, ನಾನು ಹಿಂದೆ ಬರುವುದಿಲ್ಲ. ಗುಡುಗಪ್ಪ ನಲ್ಲಿ ರಿಪೇರಿಯ ಕೆಲಸವನ್ನೆಲ್ಲ ಬದಿಗೆ ಸರಿಸಿ ದಿನಾ ಸಂಜೆ ಬಂದು ತನ್ನ ಭಾಗ ಅಭ್ಯಾಸ ಮಾಡುತ್ತಿದ್ದಾನೆ. ನೀನು ಬಂದೇ ಬರುತ್ತೀಯ ಎಂದು ಅವನ ನಂಬಿಕೆ. ಲಾಂಡ್ರಿ ಅಕ್ಕ ಎಲ್ಲ ಮೆಷಿನ್ನುಗಳನ್ನೂ ಮೂರೂವರೆಗೇ ನಿಲ್ಲಿಸುತ್ತಾಳಂತೆ, ಕಳೆದ ಸಲ ಒಂದು ಮೆಷಿನ್ನು ಗರಗರ ಎಂದದ್ದು ಅವಳಿಗೆ ಇನ್ನೂ ಮನಸ್ಸಿನಲ್ಲಿದೆ. ಆ ಡ್ರೈವರು ಬಂದು, ಶನಿವಾರ ಮತ್ತೆ ಅದೇ ಇದೆಯಾ, ಆಯಮ್ಮ ಇರ್ತಾರಾ, ನನ್ನ ಹೆಂಡತಿಯನ್ನೂ ಕರ್ಕೊಂಡು ಬರ್ತೀನಿ ಎಂದು ಕೇಳಿ ಹೋದ. ಅವನಿಗೆ ಏನು ಹೇಳಲಿ? ಇರುತ್ತಾಳೆ ಎಂದೆ. ನನಗೆ ಸುಳ್ಳು ಅಭ್ಯಾಸವಾಗಿದೆ, ಇದೊಂದು ನಿಜವಾಗಲಿ ಎಂದುಕೊಂಡೆ.

ಮನೆಯಲ್ಲಿ ನಿನ್ನ ಚಪ್ಪಲಿ ಬಿಟ್ಟ ಜಾಗದಲ್ಲೇ ಇದೆ. ಎತ್ತಿಡಲು ಕೈ ಬರುವುದಿಲ್ಲ. ಯಾವ ಖಾಲಿ ಮನೆಗೆ ಹೆದರಿ ನಿನ್ನನ್ನು ಕಟ್ಟಿಹಾಕಿದೆನೋ ಅದೇ ಖಾಲಿ ಮನೆಯಲ್ಲಿ ಕೂತಿದ್ದೇನೆ. ಕ್ಷಮಿಸು ಎಂದು ಬರೆಯಲು ನಾಚಿಕೆಯಾಗುತ್ತದೆ, ಕ್ಷಮಿಸದಿದ್ದರೆ ಹೇಗೆ ಬದುಕಲಿ ಎಂಬುದೂ ಗೊತ್ತಾಗುವುದಿಲ್ಲ. ಬೈಯಬೇಕೆಂದರೆ ಬಂದು ಬೈ. ಹೊಡೆಯಬೇಕೆನಿಸಿದರೆ ಹೊಡೆ. ಸುಮ್ಮನಿರಬೇಡ ಪೀಪಿ, ಅದೊಂದನ್ನು ಮಾತ್ರ ನನ್ನಿಂದ ತಡೆದುಕೊಳ್ಳಲಾಗುತ್ತಿಲ್ಲ.

ನಿನ್ನವಳೆಂದು ಹೇಳಿಕೊಳ್ಳುವ ಹಕ್ಕು ಇನ್ನೂ ಇದ್ದರೆ,
ನಿನ್ನ ಅಮ್ಮ

ತಾ.ಕ. ಪತ್ರ ಮಡಚಿ, ಲಕೋಟೆ ಅಂಟಿಸಿ, ಮತ್ತೆ ಹರಿದು ತೆಗೆದಿದ್ದೇನೆ. ಇದು ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು.

ಕಡತ ನೋಡುತ್ತಾ ಮುಖ್ಯಸ್ಥೆ ನನ್ನನ್ನೊಂದು ಪ್ರಶ್ನೆ ಕೇಳಿದರು. “ಒಂದು ಸಲ ಅಂದ್ರೆ ಹೆದರಿಕೆ ಅನ್ನಬಹುದು. ಎರಡನೇ ಸಲ ಯಾಕೆ ಬೇಡ ಅಂದ್ರಿ?”

ಎರಡು ಪತ್ರ ಬಂದಿದ್ದವು. ಎರಡನೆಯದನ್ನು ಇದರ ಜೊತೆಗಿಟ್ಟಿದ್ದೇನೆ, ಇದೂ ಆ ರಟ್ಟಿನೊಳಗೇ ಇತ್ತು. ಮೊದಲನೆಯದು ಬಂದು ಹನ್ನೊಂದು ತಿಂಗಳಿಗೆ ಬಂದದ್ದು. ನಿಮ್ಮ ತಾಯಿ ಈಗ ಗುಣಮುಖರಾಗಿರಬಹುದು, ನಿಮ್ಮ ಜಾಗವನ್ನು ಬೇರೆ ಯಾರಿಗೂ ಕೊಟ್ಟಿಲ್ಲ, ಮತ್ತೆ ಪರೀಕ್ಷೆ ಬೇಕಿಲ್ಲ, ನೇರ ಬನ್ನಿ ಎಂದು ಬರೆದಿದ್ದಾರೆ. ಆಗ ನಿನಗೆ ಇಪ್ಪತ್ತೆಂಟು. ಆ ದಿನ ನಾನು ಹೆದರಿರಲಿಲ್ಲ, ಉರಿದಿರಲೂ ಇಲ್ಲ. ನೀನು ಒಳಗೆ ತಲೆ ಬಾಚಿಕೊಳ್ಳುತ್ತಾ ಹಾಡುತ್ತಿದ್ದೆ. ಆಸಕ್ತಿಯಿಲ್ಲ ಎಂದು ಒಂದು ಸಾಲು ಬರೆದು, ಹೋಗಿ ಪೋಸ್ಟ್ ಮಾಡಿ, ಬರುವಾಗ ತರಕಾರಿ ತಂದೆ. ಒಂದು ಬೆಳಗಿನ ಹೆದರಿಕೆ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕು.

ಶನಿವಾರ ಆಕೆ ನಿನಗೆ ಹೇಳಿಬಿಟ್ಟಾರೆಂಬ ಭಯ ಇಲ್ಲದಿದ್ದರೆ ಇದನ್ನು ಬರೆಯುತ್ತಿದ್ದೆನೇ? ಗೊತ್ತಿಲ್ಲ. ಬರೆಯುತ್ತಿದ್ದೆ ಎನ್ನಲು ಬಾಯಿ ಬರುವುದಿಲ್ಲ. ಇದನ್ನು ಓದಿದ ಮೇಲೆ ನಾನಿರುವ ಕಡೆ ನೀನು ಕಾಲಿಡುವುದಿಲ್ಲವೆಂದು ಮಾತ್ರ ಗೊತ್ತು. ಅದಕ್ಕೇ ಶನಿವಾರ ನಾನು ಲಾಂಡ್ರಿಯಲ್ಲಿ ಇರುವುದಿಲ್ಲ. ಶಾಲೆಯ ಸಂಗೀತದ ಟೀಚರ್ ಪಿಯಾನೋ ನುಡಿಸಲು ಒಪ್ಪಿದ್ದಾರೆ, ಈಗಷ್ಟೇ ಮಾತಾಡಿ ಬಂದೆ. ಒಳ್ಳೆಯ ಕೈ. ಆದರೆ ನೀನು ಎಲ್ಲೆಲ್ಲಿ ಉಸಿರು ತೆಗೆದುಕೊಳ್ಳುತ್ತೀಯ ಎಂದು ಅವರಿಗೆ ಗೊತ್ತಿಲ್ಲ. ಪುಸ್ತಕದ ತುಂಬ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ ಕೊಟ್ಟಿದ್ದೇನೆ. ಒಂದೆರಡು ಕಡೆ ತಪ್ಪಿರಬಹುದು, ನೀನೇ ಅವರಿಗೆ ಹೇಳು.